ಬಾಂದುಕಲ್ಲಿನ ಮೇಲೊಂದು ಏಣಿ

ಅಮೆರಿಕದ ವಯೋಮಿಂಗ್ ರಾಜ್ಯದ ಎಲ್ಕ್ ಮೌಂಟನ್ ಬೆಟ್ಟದಲ್ಲಿ ನಾಲ್ಕು ಚೌಕ ಜಮೀನುಗಳು ಕೂಡುವ ಒಂದು ಬಾಂದು ಇದೆ. ಎದುರುಬದುರು ಮೂಲೆಯ ಎರಡು ಚೌಕ ಸಾರ್ವಜನಿಕರದ್ದು, ಉಳಿದೆರಡು ಖಾಸಗಿ ರ‍್ಯಾಂಚಿನದ್ದು. ರ‍್ಯಾಂಚಿನವರು ತಮ್ಮ ಎರಡೂ ಬದಿಗೆ ಕಂಬ ನೆಟ್ಟು, ಸರಪಳಿ ಬಿಗಿದು, ಪ್ರವೇಶ ನಿಷೇಧದ ಫಲಕ ತೂಗುಹಾಕಿದ್ದರು. 2021ರಲ್ಲಿ ಮಿಸೌರಿಯಿಂದ ಬಂದ ನಾಲ್ವರು ಬೇಟೆಗಾರರು ಅದರ ಮೇಲೆ ಏಣಿ ನಿಲ್ಲಿಸಿದರು. ಏಣಿಯ ಒಂದು ಬದಿಯ ಕಾಲುಗಳು ಈಚಿನ ಸಾರ್ವಜನಿಕ ಚೌಕದಲ್ಲಿ, ಇನ್ನೊಂದು ಬದಿಯವು ಆಚಿನದರಲ್ಲಿ. ಮೂಲೆ ದಾಟುವಾಗ ಬೂಟು ಖಾಸಗಿ ಮಣ್ಣಿಗೆ ತಾಗಲಿಲ್ಲ; ಭುಜ, ಮೊಣಕೈ ಮಾತ್ರ ಒಂದು ಗಳಿಗೆ ರ‍್ಯಾಂಚಿನ ಮೇಲಣ ಗಾಳಿಯಲ್ಲಿ ಹಾದುಹೋದವು. ಆ ಗಾಳಿಯೂ ತನ್ನದೇ ಎಂದು ರ‍್ಯಾಂಚಿನ ಕಂಪನಿ ದಾವೆ ಹೂಡಿ, 70 ಲಕ್ಷ ಡಾಲರ್‌ಗೂ ಹೆಚ್ಚು ನಷ್ಟದ ಲೆಕ್ಕ ಮುಂದಿಟ್ಟಿತು.

ಈ ಜಗಳದ ಬೇರು ಇರುವುದು 1862ರಲ್ಲಿ. ಪೆಸಿಫಿಕ್ ರೈಲು ಹಾದಿ ಹಾಕಲು ಸರ್ಕಾರದ ಬಳಿ ಹಣಕ್ಕಿಂತ ನೆಲ ಹೆಚ್ಚಿತ್ತು. ಹಳಿಯ ಎರಡೂ ಬದಿಯ ಭೂಮಿಯನ್ನು ಒಂದೊಂದು ಮೈಲಿಯ, ಅಂದರೆ 640 ಎಕರೆಯ ಚೌಕಗಳಾಗಿ ಅಳೆದು, ಬೆಸ ಸಂಖ್ಯೆಯವನ್ನು ರೈಲ್ವೆ ಕಂಪನಿಗೆ ಕೊಟ್ಟು ಸಮ ಸಂಖ್ಯೆಯವನ್ನು ತಾನು ಇಟ್ಟುಕೊಂಡಿತು. ರೈಲು ಬಂದರೆ ತನ್ನ ಪಾಲಿನ ಬೆಲೆಯೂ ಏರುತ್ತದೆ ಎಂಬ ಲೆಕ್ಕಾಚಾರ ಅದು. ಚದುರಂಗದ ಮಣೆಯಂಥ ಈ ನಕ್ಷೆಯಲ್ಲಿ ಒಂದು ಬಿಳಿ ಮನೆಯಿಂದ ಇನ್ನೊಂದಕ್ಕೆ ದಾರಿ ಎಲ್ಲಿ ಎಂದು ಯಾರೂ ಬರೆದಿಡಲಿಲ್ಲ. ಆ ಮರೆವಿನ ಲಾಭ ಮೊದಲು ಪಡೆದವರು ದನಗಾಹಿ ಸಾಹುಕಾರರು. ತಮ್ಮ ಚೌಕಗಳ ಅಂಚಿಗೇ ಬೇಲಿ ಹಾಕುತ್ತ ಹೋದರೆ ನಡುವಿನ ಸಾರ್ವಜನಿಕ ಹುಲ್ಲುಗಾವಲೆಲ್ಲ ತಾನಾಗಿ ಒಳಗೆ ಸೇರುತ್ತಿತ್ತು. 1885ರಲ್ಲಿ ಸಂಸತ್ತು ಇಂಥ ಬೇಲಿಗಳನ್ನು ಕಾನೂನುಬಾಹಿರವೆಂದಿತು. ಕೊಲೊರಾಡೊದ ಜಮೀನ್ದಾರರು ಹೀಗೆ ಸುಮಾರು 20,000 ಎಕರೆ ಸುತ್ತುವರಿದಾಗ, ಬೇಲಿ ಇದ್ದದ್ದು ಅವರ ಸ್ವಂತ ನೆಲದಲ್ಲೇ ಆದರೂ ತೆಗೆಯಲೇಬೇಕೆಂದು 1897ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ರ‍್ಯಾಂಚಿನ ವಾದ ಹಗುರವಾದದ್ದಲ್ಲ. ಬೇರೆಯವರು ಬರಲಾರರು ಎಂಬ ನೆಮ್ಮದಿಗೂ ಸೇರಿಸಿಯೇ ಅಂಥ ಜಮೀನಿಗೆ ದುಡ್ಡು ಕೊಟ್ಟಿರುತ್ತಾರೆ. 1979ರ ಲಿಯೋ ಶೀಪ್ ಪ್ರಕರಣದಲ್ಲಿ, ಇದೇ ವಯೋಮಿಂಗ್‌ನಲ್ಲಿ, ಖಾಸಗಿ ಚೌಕಗಳ ಮೇಲೆ ರಸ್ತೆ ಹಾಯಿಸುವ ಹಕ್ಕನ್ನು ಸರ್ಕಾರ ಉಳಿಸಿಕೊಂಡಿರಲಿಲ್ಲ ಎಂದು ಸುಪ್ರೀಂ ಕೋರ್ಟೇ ತೀರ್ಪಿತ್ತಿತ್ತು. ಆದರೆ ರಸ್ತೆ ಎಂದರೆ ನೆಲ ಅಗೆಯಬೇಕು, ಜಲ್ಲಿ ಹಾಕಬೇಕು, ಮಾಲೀಕನ ಭೂಮಿ ಶಾಶ್ವತವಾಗಿ ಕೈಬಿಟ್ಟುಹೋಗುತ್ತದೆ. ಏಣಿ ದಾಟಿದವರು ಒಂದು ಹುಲ್ಲುಕಡ್ಡಿಯನ್ನೂ ತುಳಿಯಲಿಲ್ಲ. ಬೆಲೆಯ ಮಾತಿಗೆ ಬಂದರೆ, ಕ್ರಯಪತ್ರದಲ್ಲಿ ಇಲ್ಲದ ಸಾವಿರಾರು ಎಕರೆಯ ಏಕಾಂತವನ್ನು ಮಾರಿದವನಿಗೂ ಕೊಂಡವನಿಗೂ ಅದರ ಮೇಲೆ ಹಕ್ಕು ಎಲ್ಲಿಂದ ಬಂತು? ನೆಲ ಸಾರ್ವಜನಿಕರದ್ದು, ಬೀಗದ ಕೈ ಮಾತ್ರ ನೆರೆಯವನದ್ದು ಎಂಬ ಏರ್ಪಾಡನ್ನು ಆಸ್ತಿ ಹಕ್ಕು ಎನ್ನಲಾಗದು.

ಅತಿಕ್ರಮ ಪ್ರವೇಶದ ಆರೋಪದಿಂದ ಜ್ಯೂರಿ ಆ ನಾಲ್ವರನ್ನು 2022ರಲ್ಲಿ ಬಿಡುಗಡೆ ಮಾಡಿತು. ಸಿವಿಲ್ ದಾವೆಯಲ್ಲಿ 2023ರಲ್ಲಿ ನ್ಯಾಯಾಧೀಶ ಸ್ಕಾಟ್ ಸ್ಕಾವ್‌ಡಾಲ್ ಬೇಟೆಗಾರರ ಪರ ನಿಂತರು. 2025ರ ಮಾರ್ಚ್‌ನಲ್ಲಿ 10ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಆ 1885ರ ಕಾಯ್ದೆಯನ್ನೇ ಆಧರಿಸಿ, ಅವರ ತೀರ್ಪನ್ನು ಎತ್ತಿಹಿಡಿಯಿತು; ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಈ ತೀರ್ಪು ನಡೆಯುವುದು ವಯೋಮಿಂಗ್ ಸೇರಿ ಆರು ರಾಜ್ಯಗಳಲ್ಲಿ. ಪಕ್ಕದ ಮೊಂಟಾನಾ ಬೇರೆ ಸರ್ಕ್ಯೂಟಿಗೆ ಸೇರಿದ್ದು. ಅಲ್ಲೂ ಅದೇ ನಕ್ಷೆಯ ಚೌಕಗಳಿವೆ, ಆದರೆ ಅಲ್ಲಿನ ವನ್ಯಜೀವಿ ಇಲಾಖೆ ಮೂಲೆ ದಾಟುವುದು ಇಂದಿಗೂ ಕಾನೂನುಬಾಹಿರ ಎನ್ನುತ್ತದೆ.