ಒಂದು ಕೈಗೂ ಒಲಿಯುವ ಕೀಲಿಮಣೆ

ಮಾನವನು ನಿರ್ಮಿಸಿದ ಪ್ರತಿಯೊಂದು ಉಪಕರಣದಲ್ಲಿಯೂ ಅದನ್ನು ಬಳಸುವವನ ದೇಹದ ಕಲ್ಪನೆಯೊಂದು ಅಡಗಿರುತ್ತದೆ. ಎತ್ತರದ ಮೆಟ್ಟಿಲು ಬಲವಾದ ಕಾಲನ್ನು ನಿರೀಕ್ಷಿಸುತ್ತದೆ. ಸಣ್ಣ ಅಚ್ಚಿನ ಪುಸ್ತಕವು ತೀಕ್ಷ್ಣವಾದ ಕಣ್ಣನ್ನು ಬೇಡುತ್ತದೆ. ಗಣಕಯಂತ್ರದ ಕೀಲಿಮಣೆಯಾದರೋ ಎರಡು ಕೈಗಳನ್ನೂ ಚುರುಕಾದ ಹತ್ತು ಬೆರಳುಗಳನ್ನೂ ಅಪೇಕ್ಷಿಸುತ್ತದೆ.

ಈ ಅಪೇಕ್ಷೆ ಬೆರಳಚ್ಚು ಯಂತ್ರದಿಂದ ಬಂದ ಬಳುವಳಿ. 1878ರಲ್ಲಿ ಅಮೆರಿಕದ ರೆಮಿಂಗ್ಟನ್ ಯಂತ್ರಕ್ಕೆ ಶಿಫ್ಟ್ ಎಂಬ ಕೀಲಿ ಸೇರಿತು. ಅದರಿಂದಾಗಿ ಒಂದೇ ಕೀಲಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರ ದೊಡ್ಡಕ್ಷರಗಳೆರಡನ್ನೂ ಮೂಡಿಸುವುದು ಸಾಧ್ಯವಾಯಿತು. ಆದರೆ ಒಂದು ಬೆರಳು ಶಿಫ್ಟನ್ನು ಅದುಮಿ ಹಿಡಿದಿರುವಾಗಲೇ ಇನ್ನೊಂದು ಬೆರಳು ಅಕ್ಷರವನ್ನು ಒತ್ತಬೇಕು. ಕನ್ನಡಕ್ಕೂ ಈ ಕಟ್ಟಳೆ ತಪ್ಪಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಪ್ರಸಿದ್ಧ ಕೀಲಿವಿನ್ಯಾಸದಲ್ಲಿ 'ಲ'ಕಾರವಿರುವ ಕೀಲಿಯನ್ನೇ ಶಿಫ್ಟಿನೊಡನೆ ಒತ್ತಿದರೆ 'ಳ'ಕಾರ ಬರುತ್ತದೆ. ಹೀಗಾಗಿ ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿಗೆ, ಬಾಯಲ್ಲಿ ಕಡ್ಡಿ ಹಿಡಿದು ಕೀಲಿಗಳನ್ನು ಒತ್ತುವವರಿಗೆ 'ಹಳ್ಳಿ' ಎಂಬ ಸರಳವಾದ ಪದವೂ ದುಸ್ಸಾಧ್ಯವಾಗಬಹುದು. ಅವರ ಭಾಷಾಜ್ಞಾನದಲ್ಲಿ ಯಾವ ಕೊರತೆಯೂ ಇರುವುದಿಲ್ಲ.

ಈ ತೊಡಕಿಗೆ ಪರಿಹಾರವನ್ನು ಹುಡುಕಿದವರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದ ಗ್ರೆಗ್ ವಾಂಡರ್‌ಹೈಡನ್ ಮತ್ತು ಅವರ ಸಂಗಡಿಗರು ಪ್ರಮುಖರು. ಅವರ ಶ್ರಮದ ಫಲವಾದ ಸೌಲಭ್ಯಗಳು 1995ರಲ್ಲಿ ಹೊರಬಂದ ವಿಂಡೋಸ್ 95ರಲ್ಲಿ ಅಡಕವಾಗಿಯೇ ಬಂದವು. ಅವುಗಳಲ್ಲಿ ಒಂದಕ್ಕೆ 'ಸ್ಟಿಕಿ ಕೀಸ್', ಎಂದರೆ ಅಂಟುಕೀಲಿ, ಎಂದು ಹೆಸರು. ಇದನ್ನು ಜಾರಿಗೊಳಿಸಿದ ಮೇಲೆ ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಕು. ಮುಂದಿನ ಕೀಲಿಯನ್ನು ಒತ್ತುವವರೆಗೂ ಯಂತ್ರವು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಒಂದೇ ಬೆರಳು ಒಂದಾದ ಮೇಲೊಂದರಂತೆ ಎಲ್ಲವನ್ನೂ ಬರೆಯಬಲ್ಲುದು. ವಿಂಡೋಸಿನಲ್ಲಿ ಸಾಮಾನ್ಯವಾಗಿ ಶಿಫ್ಟನ್ನು ಸತತವಾಗಿ 5 ಬಾರಿ ಒತ್ತಿದರೆ ಈ ಸೌಲಭ್ಯವನ್ನು ಜಾರಿಗೊಳಿಸಬೇಕೇ ಎಂದು ಯಂತ್ರವೇ ಕೇಳುತ್ತದೆ.

ಕೈ ನಡುಗುವವರ ಕಷ್ಟ ಬೇರೆ ಬಗೆಯದು. ಒಂದು ಅಕ್ಷರವನ್ನು ಒತ್ತಹೋದಾಗ ಪಕ್ಕದ್ದೂ ತಗಲುತ್ತದೆ. ಒಮ್ಮೆ ಒತ್ತಬೇಕಾದುದು ಮೂರು ಬಾರಿ ಮೂಡುತ್ತದೆ. 'ಫಿಲ್ಟರ್ ಕೀಸ್' ಎಂಬ ಸೌಲಭ್ಯವು ಜರಡಿಯಂತೆ ವರ್ತಿಸುತ್ತದೆ. ಕ್ಷಣಮಾತ್ರದ ಸ್ಪರ್ಶವನ್ನೂ ಒಡನೊಡನೆ ಮರುಕಳಿಸುವ ಒತ್ತುಗಳನ್ನೂ ಅದು ಕಡೆಗಣಿಸಿ, ಉದ್ದೇಶಪೂರ್ವಕವಾದ ಒತ್ತನ್ನು ಮಾತ್ರ ಸ್ವೀಕರಿಸುತ್ತದೆ. 'ಮೌಸ್ ಕೀಸ್' ಎಂಬ ಮತ್ತೊಂದು ಸೌಲಭ್ಯದಿಂದ ಮೌಸನ್ನು ಹಿಡಿಯಲಾರದವರೂ ಅಂಕಿಯ ಕೀಲಿಗಳಿಂದಲೇ ಪರದೆಯ ಮೇಲಿನ ಬಾಣವನ್ನು ಚಲಿಸಬಹುದು.

ಇವುಗಳಿಗಾಗಿ ಹೊಸ ಯಂತ್ರವನ್ನಾಗಲಿ ಬೇರೆ ಕೀಲಿಮಣೆಯನ್ನಾಗಲಿ ಕೊಳ್ಳಬೇಕಾಗಿಲ್ಲ. ಕೈ ಹಿಂದಿನಂತೆಯೇ ಇದ್ದರೂ ಯಂತ್ರದ ನಿಯಮ ತುಸು ಸಡಿಲವಾದೊಡನೆ ಬರವಣಿಗೆಯ ಬಾಗಿಲು ತೆರೆಯುತ್ತದೆ. ಮಾಹಿತಿ ಮತ್ತು ಸಂವಹನದ ಸಾಧನಗಳು ಅಂಗವಿಕಲರಿಗೂ ದೊರಕುವಂತಿರಬೇಕೆಂದು ಭಾರತದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ವಿಧಿಸುತ್ತದೆ. ಆದರೆ ಗಣಕಯಂತ್ರದೊಳಗೆ ಇಂತಹ ಅನುಕೂಲವಿದೆಯೆಂಬುದೇ ತಿಳಿಯದಿದ್ದರೆ ಕಾನೂನಿನ ಫಲ ಕೈಗೆಟುಕುವುದಿಲ್ಲ. ಬಲ್ಲವರು ಅದನ್ನು ಪಕ್ಕದವರಿಗೆ ತೋರಿಸಿಕೊಡುವ ಕೆಲಸ ಕೆಲವೇ ನಿಮಿಷಗಳದು. ಅದರಿಂದ ಒಬ್ಬನಿಗೆ ತನ್ನ ಅರ್ಜಿಯನ್ನು, ತನ್ನ ಪತ್ರವನ್ನು ತಾನೇ ಬರೆಯುವ ಸ್ವಾತಂತ್ರ್ಯ ಲಭಿಸುತ್ತದೆ.