ಬಾಲಮಂದಿರಕ್ಕೂ ಮುಂಚಿನ ಬಾಗಿಲುಗಳು

ಹೆತ್ತವರಿಲ್ಲದ, ಇದ್ದೂ ಸಾಕುವ ಸ್ಥಿತಿಯಲ್ಲಿಲ್ಲದ ಮಗು ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಪೊಲೀಸರ ಕೈಗೆ ಸಿಕ್ಕರೆ 24 ಗಂಟೆಯೊಳಗೆ ಅದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಹೀಗೆ. ದಾರಿಯಲ್ಲಿ ಕಳೆದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂಬ ಮಾತೂ ಅದರಲ್ಲಿದೆ. ದಾವಣಗೆರೆ ಜಿಲ್ಲೆಯ ಅಂಚಿನ ತಾಲ್ಲೂಕುಗಳಿಗೆ ಈ ರಿಯಾಯಿತಿ ಬೇಕೇ ಬೇಕು. ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹೊನ್ನಾಳಿಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ನ್ಯಾಮತಿಗೆ ಇಂದಿಗೂ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಆದರೆ ಮಗುವಿನ ಕಾಗದ ಹೋಗಬೇಕಾದದ್ದು ದಾವಣಗೆರೆಗೆ.

ಈ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಕಪ್ಪು ಕೋಟಿಲ್ಲ, ಕಟಕಟೆಯಿಲ್ಲ, ಆದರೂ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಷ್ಟು ಅಧಿಕಾರವಿದೆ. ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. 1964ರ ಮೈಸೂರು ಮಕ್ಕಳ ಕಾಯ್ದೆ, 1986ರ ಕೇಂದ್ರ ಕಾಯ್ದೆಗಳನ್ನು ದಾಟಿ ಬಂದ ವ್ಯವಸ್ಥೆಗೆ ಈಗಿನ ಹೆಸರು ಸಿಕ್ಕಿದ್ದು 2000ದ ಕಾಯ್ದೆಯಲ್ಲಿ. ಸಮಿತಿ ಎಂದರೆ ಮಗುವನ್ನು ಬಾಲಮಂದಿರಕ್ಕೆ ಕಳಿಸುವ ಕಚೇರಿ ಎಂಬ ತಿಳಿವಳಿಕೆ ಊರುಗಳಲ್ಲಿದೆ. ಕಾಯ್ದೆಯ ಮೂರನೇ ಕಲಮು ಇದಕ್ಕೆ ತದ್ವಿರುದ್ಧ. ಮಗುವಿನ ಮೊದಲ ಹೊಣೆ ಮನೆಯವರದು. ಸಂಸ್ಥೆಗೆ ಸೇರಿಸುವುದು ಬೇರೆಲ್ಲ ದಾರಿ ಮುಚ್ಚಿದ ಮೇಲೆ. ಆ ಬೇರೆ ದಾರಿಗಳೆಲ್ಲ ಇರುವುದು ಹಳ್ಳಿಯಲ್ಲಿ: ಗ್ರಾಮ ಪಂಚಾಯಿತಿ, ಅಂಗನವಾಡಿ, ಶಾಲೆ, ನಾಡಕಚೇರಿಗಳಲ್ಲಿ. ಸಮಿತಿ ಒಳ್ಳೆಯ ಆದೇಶ ಬರೆಯಬೇಕಾದರೆ ಇವರು ಮೊದಲು ಒಳ್ಳೆಯ ಕೆಲಸ ಮಾಡಿರಬೇಕು.

ಪ್ರಾಯೋಜಕತ್ವ ಯೋಜನೆಯನ್ನೇ ನೋಡಿ. ಕೇಂದ್ರದ ಮಿಷನ್ ವಾತ್ಸಲ್ಯದಡಿ, ಮಗುವನ್ನು ಮನೆಯಲ್ಲೇ ಇಟ್ಟು ಸಾಕಲು ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಮೊದಲು ಇದು 2,000 ಇತ್ತು. ವಿಧವೆಯ ಮಕ್ಕಳು, ಗಂಡ ಬಿಟ್ಟುಹೋದವಳ ಮಕ್ಕಳು, ಅಜ್ಜ ಅಜ್ಜಿ, ಸೋದರಮಾವನ ಆಸರೆಯಲ್ಲಿರುವ ಅನಾಥರು, ಗಂಭೀರ ಕಾಯಿಲೆಯಿಂದ ಹಾಸಿಗೆ ಹಿಡಿದವರ ಮಕ್ಕಳು ಇದಕ್ಕೆ ಅರ್ಹರು. ಹಳ್ಳಿಯಾದರೆ ಮನೆಯ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು, ಪಟ್ಟಣವಾದರೆ 96,000. ಅಂತಿಮ ಮಂಜೂರಾತಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಬೇರೊಂದು ಸಮಿತಿಯದು.

ಹಣವಿದೆ, ನಿಯಮವಿದೆ. ತೊಡಕು ಇರುವುದು ಅಲ್ಲಿಗೆ ಹೋಗುವ ಕಾಗದದಲ್ಲಿ. ಅಡಿಕೆ ಸುಲಿಯಲು ಹೋಗುವ ಚನ್ನಗಿರಿ ಕಡೆಯ ಒಬ್ಬ ತಾಯಿ ಅರ್ಜಿ ಹಾಕಬೇಕು ಎಂದುಕೊಳ್ಳಿ. ಗಂಡನ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಿದ್ದರೆ ಅದು ಸಲೀಸು. ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ತಿಥಿಯ ಗಡಿಬಿಡಿಯಲ್ಲಿ ಈ ಇಪ್ಪತ್ತೊಂದು ದಿನ ಯಾರ ನೆನಪಿನಲ್ಲಿ ಉಳಿಯುತ್ತದೆ? ಆಮೇಲೆ ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪತ್ರ, ಬ್ಯಾಂಕ್ ಖಾತೆ. ಒಂದೊಂದಕ್ಕೂ ಅರ್ಧ ದಿನದ ಕೂಲಿ ಹೋಗುತ್ತದೆ. 2023ರ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಸರಿ. ಆದರೆ ಈ ಕಡೆ ಖಾಸಗಿ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ಶಕ್ತಿ ನಡೆಯದು.

ಇನ್ನೂ ಕಷ್ಟ, ಗಂಡ ಸತ್ತಿಲ್ಲದ ಮನೆಯದು. ಬಿಟ್ಟುಹೋದ ಗಂಡನ ಬಗ್ಗೆ ಪ್ರಮಾಣಪತ್ರ ಕೊಡುವ ಕೌಂಟರ್ ಯಾವ ಕಚೇರಿಯಲ್ಲೂ ಇಲ್ಲ. ಅವನು ವರ್ಷಗಳಿಂದ ಊರಲ್ಲಿಲ್ಲ ಎಂದು ಬಲ್ಲವರು ಅಂಗನವಾಡಿ ಕಾರ್ಯಕರ್ತೆ, ಆಶಾ, ಮೇಷ್ಟರು. ಅವರ ಮಾತು ಕಾಗದಕ್ಕೆ ಇಳಿದರೆ ಮಾತ್ರ ಮನೆ ಭೇಟಿಗೆ ಬರುವ ಸಮಾಜ ಕಾರ್ಯಕರ್ತರ ವರದಿಗೆ ಬಲ ಬರುತ್ತದೆ. ಪಿಡಿಒ ಒಬ್ಬರು ತಮ್ಮ ವ್ಯಾಪ್ತಿಯಲ್ಲಿ ತಂದೆಯೋ ತಾಯಿಯೋ ಇಲ್ಲದ ಮಕ್ಕಳ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಸಾವು ನೋಂದಣಿಯಾದ ವಾರವೇ ಆ ಮನೆಗೆ ಯಾರನ್ನಾದರೂ ಕಳಿಸಿದರೆ ಈ ಯೋಜನೆಯ ಅರ್ಧ ಕೆಲಸ ಮುಗಿದ ಹಾಗೆ. ಇದಕ್ಕೆ ಹೊಸ ಸುತ್ತೋಲೆ ಬೇಕಿಲ್ಲ.

ಜಗಳೂರಿನ ಸಂಗತಿ ಬೇರೆ. ಮಳೆ ಕೈಕೊಟ್ಟ ವರ್ಷ ದುಡಿಯುವವರು ಗುಳೆ ಹೋಗುತ್ತಾರೆ. ಹೊನ್ನಾಳಿ, ನ್ಯಾಮತಿಯ ತಾಂಡಾಗಳಿಂದ ಕಾಫಿ ಸೀಮೆಗೆ ಹೋಗುವವರೂ ಇದ್ದಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಜೊತೆಗೆ ಹೊರಡುತ್ತಾರೆ. ಇವರು ಅನಾಥರಲ್ಲ; ಆದರೆ ಅಜ್ಜಿ ಜ್ವರದಲ್ಲಿ ಮಲಗಿದ ದಿನ ರಕ್ಷಣೆ ಬೇಕಾದ ಮಕ್ಕಳೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಸಾಲುಸಾಲು ಗೈರು ಕಂಡಾಗ ವಿಚಾರಿಸುವ ಮೇಷ್ಟರಿದ್ದರೆ ಬಾಲ್ಯವಿವಾಹದ ಸುಳಿವೂ ಆಗಲೇ ಸಿಗುತ್ತದೆ.

ರಾಜ್ಯದಲ್ಲಿ 2006ರಿಂದ ಮಕ್ಕಳ ಗ್ರಾಮ ಸಭೆಗಳು ನಡೆಯುತ್ತಿವೆ. ಶೌಚಾಲಯದ ಬಾಗಿಲು, ಬಸ್ ನಿಲ್ಲಿಸದ ಕಂಡಕ್ಟರ್, ಶಾಲೆ ಪಕ್ಕದ ಹೆಂಡದಂಗಡಿ, ಮಕ್ಕಳು ಎಲ್ಲವನ್ನೂ ಎದ್ದು ನಿಂತು ಕೇಳುತ್ತಾರೆ. ನನ್ನದೊಂದು ತಕರಾರಿದೆ. ಆ ಸಭೆಗೆ ಬರುವುದು ಶಾಲೆಗೆ ಬರುವ ಮಕ್ಕಳು. ಬಾರದವರ ಹೆಸರು ಕೇಳುವ ಪಂಚಾಯಿತಿ ಅಧ್ಯಕ್ಷರು ಬೇಕು. ಬ್ಯಾನರಿನ ಮುಂದಿನ ಫೋಟೊ ಆಮೇಲೆ ತೆಗೆಯಬಹುದು.

ಇಂಗ್ಲೆಂಡಿನಲ್ಲಿ ಇಂಥ ಮಕ್ಕಳ ಹೊಣೆ ನೇರವಾಗಿ ಸ್ಥಳೀಯ ಕೌನ್ಸಿಲ್ಲಿನದು, ಕಾನೂನಿನ ಕಣ್ಣಿನಲ್ಲಿ ಅದೇ ಪೋಷಕ. ಮಗು ಕೌನ್ಸಿಲ್ಲಿನ ಸುಪರ್ದಿಗೆ ಬಂದ 20 ಕೆಲಸದ ದಿನಗಳೊಳಗೆ ಮೊದಲ ಪರಿಶೀಲನೆ, ಮುಂದಿನದು ಮೂರು ತಿಂಗಳಿಗೆ, ಆಮೇಲೆ ಆರಾರು ತಿಂಗಳಿಗೊಮ್ಮೆ. ನಮ್ಮಲ್ಲೂ 15 ದಿನದೊಳಗೆ ಸಾಮಾಜಿಕ ತನಿಖೆ, ನಾಲ್ಕು ತಿಂಗಳೊಳಗೆ ಸಮಿತಿಯ ಅಂತಿಮ ಆದೇಶ, ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ ಎಂದಿದೆ. ನಾವು ಸೋಲುವುದು ಮಗು ಮನೆಗೆ ಮರಳಿದ ಮೇಲೆ. ದಾವಣಗೆರೆಯಿಂದ ನ್ಯಾಮತಿಯ ತಾಂಡಾಕ್ಕೆ ಮತ್ತೆ ಮತ್ತೆ ಬಂದು ನೋಡುವಷ್ಟು ಜನ ಯಾವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲೂ ಇರುವುದಿಲ್ಲ. ಆ ಕಣ್ಣು ಪಂಚಾಯಿತಿಯದೇ ಆಗಬೇಕು.

ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬಂದವರನ್ನೂ ಕಾಯ್ದೆ ಕೈಬಿಟ್ಟಿಲ್ಲ. 21ರವರೆಗೆ ಅನುಪಾಲನೆಗೆ ಅವಕಾಶವಿದೆ, ವಿಶೇಷ ಸಂದರ್ಭದಲ್ಲಿ 23ರವರೆಗೂ.

ಸಮಿತಿಯ ಮುಂದೆ ಮಗುವನ್ನು ಕರೆತರಬಹುದಾದವರ ಪಟ್ಟಿ ಉದ್ದವಿದೆ: ಪೊಲೀಸರು, ಯಾವುದೇ ಸರ್ಕಾರಿ ನೌಕರರು, ನರ್ಸ್, ವೈದ್ಯರು, ಕಾಳಜಿಯುಳ್ಳ ಯಾವ ನಾಗರಿಕರಾದರೂ ಸರಿ. ಒಂಟಿ ಮಗುವನ್ನು ಕಂಡೂ 24 ಗಂಟೆಯೊಳಗೆ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಫೋನು ಮಾಡಲು ಮಕ್ಕಳ ಸಹಾಯವಾಣಿ 1098 ಇದೆ, ಬಿಡಿಗಾಸು ಖರ್ಚಿಲ್ಲ. ಅದೇ ಪಟ್ಟಿಯಲ್ಲಿ, ಇವರೆಲ್ಲರ ನಡುವೆ, ತಾನಾಗಿಯೇ ಬರುವ ಮಗುವೂ ಇದೆ.