ತೊಟ್ಟಿಕ್ಕುವ ನಲ್ಲಿಯ ಲೆಕ್ಕ

ಒಂದು ತೊಟ್ಟಿ, ಎರಡು ನಲ್ಲಿ. ಒಂದು ತೊಟ್ಟಿಯನ್ನು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ಈ ಲೆಕ್ಕ ಬಿಡಿಸದೆ ಶಾಲೆ ದಾಟಿದವರು ವಿರಳ. ನೀರು ತುಂಬುವಾಗ ಎರಡನೆಯ ನಲ್ಲಿಯನ್ನು ಯಾರಾದರೂ ಏಕೆ ತೆರೆದಿಡುತ್ತಾರೆ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳದ ವಿದ್ಯಾರ್ಥಿಯೂ ವಿರಳವೇ. ಆದರೆ ಅಂಥ ನಲ್ಲಿ ಎಷ್ಟೋ ಶಾಲೆಗಳ ಅಂಗಳದಲ್ಲೇ ಉಂಟು. ವಾಷರ್ ಸವೆದು ಹಗಲಿರುಳೂ ತೊಟ್ಟಿಕ್ಕುವ ನಲ್ಲಿ ಅದು.

ಪುಸ್ತಕದ ನಲ್ಲಿಗೂ ಅಂಗಳದ ನಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪುಸ್ತಕದಲ್ಲಿ ಬೇಕಾದ ಅಂಕಿಗಳನ್ನೆಲ್ಲ ಮೊದಲೇ ಕೊಟ್ಟಿರುತ್ತಾರೆ. ಅಂಗಳದಲ್ಲಿ ಅವನ್ನು ವಿದ್ಯಾರ್ಥಿಯೇ ಹುಡುಕಬೇಕು. ನಲ್ಲಿಯ ಕೆಳಗೆ ಲೋಟವಿಟ್ಟು ಗಡಿಯಾರ ನೋಡಬೇಕು. 200 ಮಿಲಿಲೀಟರಿನ ಲೋಟ 10 ನಿಮಿಷಕ್ಕೆ ತುಂಬಿತು ಎನ್ನೋಣ. ಗಂಟೆಗೆ 1.2 ಲೀಟರ್, ದಿನಕ್ಕೆ ಸುಮಾರು 29 ಲೀಟರ್, ವಾರಕ್ಕೆ 200 ಲೀಟರ್! ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಗೆ ಈಗ ಒಂದು ಅಂಕಿ ಸಿಕ್ಕಂತಾಯಿತು.

ವಿದ್ಯಾರ್ಥಿಗಳು ಇಂಥ ಸಮಸ್ಯೆಗಳನ್ನು ಕೈಗೆತ್ತಿಕೊಳ್ಳಲು ವೇದಿಕೆ ಒದಗಿಸಿದ್ದು 1993ರಲ್ಲಿ ದೇಶದಾದ್ಯಂತ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಸಮಸ್ಯೆಯೊಂದನ್ನು ಆರಿಸಿಕೊಂಡು, ಅಳೆದು, ಲೆಕ್ಕ ಹಾಕಿ, ಪರಿಹಾರ ಸೂಚಿಸಬೇಕೆಂಬುದು ಅದರ ಕ್ರಮ.

ಮಳೆನೀರು ಸಂಗ್ರಹದ ಯೋಜನೆಯನ್ನೇ ನೋಡೋಣ. ಶಾಲೆಯ ಚಾವಣಿ 20 ಮೀಟರ್ ಉದ್ದ, 10 ಮೀಟರ್ ಅಗಲವಿದ್ದರೆ ವಿಸ್ತೀರ್ಣ 200 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ವರ್ಷಕ್ಕೆ 800 ಮಿಲಿಮೀಟರ್ ಮಳೆಯಾಗುವ ಊರಾದರೆ ಒಟ್ಟು 1,60,000 ಲೀಟರ್. ಆವಿಯಾಗಿ, ಸೋರಿ ಐದರಲ್ಲೊಂದು ಪಾಲು ನಷ್ಟವೆಂದರೂ 1,28,000 ಲೀಟರ್ ಉಳಿಯುತ್ತದೆ. 200 ಮಕ್ಕಳಿಗೆ ತಲಾ 3 ಲೀಟರಿನಂತೆ ದಿನಕ್ಕೆ 600 ಲೀಟರ್ ಸಾಕಾದರೆ, 213 ದಿನಗಳಿಗೆ ನೀರಾಯಿತು!

ಕಾಗದದ ಮೇಲೆ ಉತ್ತರ ಸರಿಯಾಗಿದೆ. ಆದರೆ ಮಳೆ ದಿನಕ್ಕಿಷ್ಟೆಂದು ಪಡಿ ಅಳೆದು ಸುರಿಯುವುದಿಲ್ಲ. ಒಳನಾಡಿನಲ್ಲಿ ಹೆಚ್ಚಿನ ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ಬಹುತೇಕ ಬರಿದು. 5,000 ಲೀಟರಿನ ತೊಟ್ಟಿ ಕಟ್ಟಿದರೆ ಎರಡು ದಿನದ ಜಡಿಮಳೆಗೇ ಅದು ತುಂಬಿ ಹರಿಯುತ್ತದೆ. ಮಳೆ ನಿಂತ ಮೇಲೆ ಎಂಟೇ ದಿನಕ್ಕೆ ಬರಿದಾಗುತ್ತದೆ. 90 ದಿನದ ಒಣಹವೆಯನ್ನು ದಾಟಬೇಕಾದರೆ 54,000 ಲೀಟರಿನ ತೊಟ್ಟಿ ಬೇಕು. ಅಷ್ಟು ಹಣ ಎಲ್ಲಿಂದ? ಆ ನೀರು ಕುಡಿಯಲೋ, ಶೌಚಾಲಯಕ್ಕೋ? ಲೆಕ್ಕ ಮುಗಿಯಿತು ಎಂದುಕೊಂಡಲ್ಲೇ ನಿಜವಾದ ಲೆಕ್ಕ ಶುರುವಾಗುತ್ತದೆ.

ಇದನ್ನೇ ಗಣಿತದ ಮಾದರಿ ರಚನೆ ಎನ್ನುತ್ತಾರೆ. ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬಹುದು ಎಂದು ಮೊದಲು ತೀರ್ಮಾನಿಸುವುದು; ಬಳಿಕ ಲೆಕ್ಕ ಮಾಡುವುದು; ಬಂದ ಉತ್ತರವನ್ನು ಮತ್ತೆ ನೆಲದ ಮೇಲೆ ಪರೀಕ್ಷಿಸುವುದು. ಇದರಲ್ಲಿ ಗುಣಾಕಾರ ಭಾಗಾಕಾರಗಳದು ಸುಲಭದ ಕೆಲಸ. ಮೊದಲ ಮತ್ತು ಕೊನೆಯ ಹೆಜ್ಜೆಗಳೇ ಕಠಿಣ. ಪಠ್ಯಪುಸ್ತಕದ ಅಭ್ಯಾಸಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅವೇ.

ಬದುಕಿಗೂ ಲೆಕ್ಕಕ್ಕೂ ಇರುವ ನಂಟು ಕನ್ನಡಕ್ಕೆ ಹೊಸತಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ ಗ್ರಂಥಕ್ಕೆ ಇಟ್ಟ ಹೆಸರೇ ‘ವ್ಯವಹಾರಗಣಿತ’. ಮಗುವಿನ ಆಲೋಚನೆಯನ್ನೇ ಗಣಿತೀಯವಾಗಿಸುವುದು ಗಣಿತ ಶಿಕ್ಷಣದ ಮುಖ್ಯ ಗುರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು.

ಇಂಥ ಯೋಜನೆಗಳ ಬೆಲೆ ಬಹುಮಾನದಲ್ಲಿಲ್ಲ. ‘ಶಾಲೆಯಲ್ಲಿ ನೀರು ಸಾಲದು’ ಎಂಬುದು ಬರಿಯ ದೂರು. ದೂರಿಗೆ ‘ನೋಡೋಣ’ ಎಂಬ ಉತ್ತರ ಸದಾ ಸಿದ್ಧ. ‘ದಿನಕ್ಕೆ 600 ಲೀಟರ್ ಬೇಕು, ಅದರಲ್ಲಿ 29 ಲೀಟರ್ ನಲ್ಲಿಯಲ್ಲೇ ಸೋರುತ್ತಿದೆ’ ಎಂದು ಹದಿಮೂರರ ಹುಡುಗಿಯೊಬ್ಬಳು ಶಾಲಾ ಸಮಿತಿಯ ಮುಂದೆ ಚೀಟಿ ಹಿಡಿದು ನಿಂತರೆ, ಕನಿಷ್ಠ ಒಂದು ವಾಷರನ್ನಾದರೂ ತರಿಸದೆ ಹಿರಿಯರಿಗೆ ವಿಧಿಯಿಲ್ಲ.